ಮುಂದಿನ ಚಕ್ರಕ್ಕೆ ಸುದ್ದಿ ಮುಟ್ಟಿಲ್ಲ

ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆ, ನನ್ನ ಶೆಡ್ಡು.
ಬೆಳಗಿನ ಗೂಡಿನ ಹರಾಜು ಇನ್ನೂ ಮುಗಿದಿರಲಿಲ್ಲ,
ಖುದ್ದೂಸ್ ಸಾಹೇಬರು ಗಾಡಿ ತಂದು ನಿಲ್ಲಿಸಿದರು.
ಹದಿನೆಂಟು ಲಕ್ಷದ್ದು. ಬಾಗಿಲ ಹಿಡಿಯ ತನಕ ಕೆಸರು.

“ಗುಂಡಿ ಒತ್ತಿದರೆ ಹಸಿರು ದೀಪ ಮಿಟುಕುತ್ತೆ ಕಣೋ ಪಿಳ್ಳಪ್ಪ,
ನಿಲ್ಲೋದೇ ಇಲ್ಲ. ಹೆಣ್ಣು ನೋಡಕ್ಕೆ ಬಂದು
ಹೂಂ ಅನ್ನದೆ ಊಹೂಂ ಅನ್ನದೆ
ಉಪ್ಪಿಟ್ಟು ತಿಂತಾ ಕೂತೋರ ಥರ.”

ಬೆಂಗಳೂರಿನ ಶೋರೂಮಿನವರು ಕಂಪ್ಯೂಟರಿಗೆ ಕಟ್ಟಿ
ಟ್ರಾನ್ಸ್‌ಫರ್ ಕೇಸು ಹೋಗಿದೆ ಅಂದರಂತೆ,
ಒಂದು ಲಕ್ಷದ ನಲವತ್ತು ಸಾವಿರ, ತೆರಿಗೆ ಬೇರೆ.

ನಾನು ಕೇಸು ಬಿಚ್ಚಲಿಲ್ಲ.
ಜಾಕಿ ಕೊಟ್ಟು, ಗೋಣಿ ಹಾಸಿ, ಅಡಿಗೆ ಹೋಗಿ ಮಲಗಿದೆ.
ದಸ್ತಗೀರ ಮೇಲೆ ಕೂತು ಗುಂಡಿ ಒತ್ತಿದ.
ಟಕ್ ಅಂತು ಮೋಟಾರು.
ಮುಂದಿನ ಶಾಫ್ಟು ಮೂಗಿನ ಮೇಲೇ ಗಿರ್ರನೆ ತಿರುಗಿತು.
ಮುಂದಿನ ಚಕ್ರ ಮಾತ್ರ ಸುಮ್ಮನಿತ್ತು.
ಕೇಸು ತನ್ನ ಕೆಲಸ ಮಾಡಿತ್ತು, ಪಾಪ.
ಸುದ್ದಿ ಹೊರಟಿತ್ತು, ಮನೆ ತಲುಪಿರಲಿಲ್ಲ.

ಲಾರಿ ಟೈರು ಸಿಡಿದ ವರ್ಷವೇ ನನ್ನ ಎಡಗಿವಿ ಹೋಯಿತು.
ಬಲಗಿವಿಗೆ ರಬ್ಬರು ಕೊಳವೆ ಹಚ್ಚಿ
ದೊಡ್ಡ ಸದ್ದಿನೊಳಗೆ ಸಣ್ಣ ಸದ್ದು ಆರಿಸುತ್ತೇನೆ,
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.
ಬ್ಯಾಟರಿಯ ಹಿಂದೆ, ಬೆರಳು ತೂರದ ಸಂದಿಯಲ್ಲಿ
ಉಸ್ಸ್
ನಿದ್ದೆಯಲ್ಲಿ ಮಗು ಎಳೆದುಕೊಳ್ಳುವ ಉಸಿರಿನಷ್ಟು.

ಇಲಿ ಕಡಿದ ವ್ಯಾಕ್ಯೂಮ್ ಪೈಪು.
ಪಕ್ಕದಲ್ಲೇ ಅದರ ಬಾಣಂತಿ ಕೋಣೆ:
ಸಾಹೇಬರ ಫಿಲೇಚರಿನದೇ ಚಿಂದಿ ರೇಷ್ಮೆ, ಒಂದು ಹಿಡಿ,
ಮೆತ್ತಗೆ, ದುಂಡಗೆ, ಯಾವ ದಲ್ಲಾಳಿಗೂ ಕಾಣದೆ ಹಾಸಿದ್ದು.
ಎರಡೆಳೆ ಪೈಪಿನೊಳಗೂ ಹೋಗಿ ಕೂತಿದ್ದವು.

ಪೈಪು ಬದಲಿಸಿದೆ. ದೀಪ ಆಗಲೂ ಮಿಟುಕಿತು.
ನನಗೇ ನಗು ಬಂತು.
ಆಕ್ಸಲ್ ಬಿಚ್ಚಿದರೆ ಒಳಗಿನ ಫೋರ್ಕು
ತುಕ್ಕು ಹಿಡಿದು ಇದ್ದಲ್ಲೇ ಅಂಟಿದೆ.
“ಸಾಹೇಬ್ರೆ, ಕಡೇ ಸಲ ಇದನ್ನ ಹಾಕಿದ್ದು ಯಾವಾಗ?”
“ತಗೊಂಡಾಗ. ನಂದಿ ಬೆಟ್ಟದ ಹತ್ರ. ಹೆಂಗಿರ್ತದೆ ಅಂತ ನೋಡಕ್ಕೆ.”
ಐದು ವರ್ಷ.
ಸೀಮೆಎಣ್ಣೆ, ಉಪ್ಪುಕಾಗದ, ಗ್ರೀಸು,
ಆಮೇಲೆ ತೆಲುಗಲ್ಲಿ ಒಂದಿಷ್ಟು ಬೈಗುಳ.

ಸಂಜೆ ಅಮ್ಮನಕೆರೆಯ ಅಂಚಿನ ಸಡಿಲು ಮಣ್ಣಿಗೆ ಇಳಿಸಿದೆವು.
ಒಂದು ಮಿಟುಕು. ಎರಡು.
ನಿಂತಿತು ದೀಪ.
ಮುಂದಿನ ಚಕ್ರ ಮಣ್ಣು ಕಚ್ಚಿದ್ದು
ಕಿವಿಗಿಂತ ಮೊದಲು ನನ್ನ ಸೊಂಟಕ್ಕೆ ಗೊತ್ತಾಯಿತು.

ತೊಳೆಯಲು ಪೈಪು ಹಿಡಿದ ದಸ್ತಗೀರ ಹಾಗೇ ನಿಂತ.
ಹಿಂಬಾಗಿಲ ಒಣಗಿದ ಕೆಸರಿನ ತುಂಬ ಅಂಗೈ ಗುರುತು.
“ತಲಕಾಯಲಬೆಟ್ಟದ ತಿರುವಲ್ಲಿ ಹೂತುಹೋಗಿತ್ತು,
ರಾತ್ರಿ ಹನ್ನೊಂದು. ಫೋನ್ ಮಾಡಿದೆ.
ನಮ್ಮ ರೀಲಿಂಗಿನೋರು ಟೆಂಪೋ ಹತ್ಕೊಂಡು ಬಂದು ತಳ್ಳಿದ್ರು.”
ಎಣಿಸಿದೆ. ಹದಿಮೂರು ಅಂಗೈ.
ಏಳು ಜನ; ಒಂದು ಕೈ ಟಾರ್ಚು ಹಿಡಿದಿರಬೇಕು.
ಕುದಿನೀರಲ್ಲಿ ದಿನವಿಡೀ ಎಳೆಯ ತುದಿ ಹುಡುಕಿ ಹುಡುಕಿ
ಗೆರೆಯೆಲ್ಲ ಅಳಿಸಿಹೋದ ಅಂಗೈ,
ಜೋಯಿಸರು ನೋಡಿದರೆ ಏನೂ ಹೇಳಲಾರದಂಥವು.
ಒಂದಕ್ಕೆ ಕಿರುಬೆರಳಿಲ್ಲ.
“ಅದು ನಸ್ರೀನ್‌ದು,” ಅಂದರು ಸಾಹೇಬರು.
ಸ್ವಲ್ಪ ಹೊತ್ತು ಬಿಟ್ಟು, “ತೊಳಿಯೋ, ತೊಳಿ.”

ಬಿಲ್ಲು ಬರೆದೆ.
ಪೈಪು ಅರವತ್ತು. ಗ್ರೀಸು ನೂರಿಪ್ಪತ್ತು. ಮಜೂರಿ ಎಂಟುನೂರು.
ತಳ್ಳಿದ ಕೂಲಿ, ಏಳು ಜನ
ಅಂತ ಬರೆದು ಮುಂದೆ ಏನೂ ಹಾಕಲಿಲ್ಲ.
“ಇದೇನು ಖಾಲಿ?”
“ಅದು ನನ್ನ ಲೆಕ್ಕ ಅಲ್ಲ, ಸಾ.”
ಒಂಬೈನೂರ ಎಂಬತ್ತು ಎಣಿಸಿ ಕೊಟ್ಟರು.
ಚೀಟಿ ಮಡಚಿ ಮೇಲಿನ ಜೇಬಿಗಿಟ್ಟರು.

ಗಾಡಿ ತಿರುಗಿಸುವಾಗ ಕಿಟಕಿಗೆ ಬಗ್ಗಿ ಹೇಳಿದೆ:
ತಿಂಗಳಿಗೊಮ್ಮೆ ನಾಲ್ಕೂ ಚಕ್ರಕ್ಕೆ ಕೆಲಸ ಕೊಡಿ,
ಟಾರಲ್ಲಿ ಬೇಡ, ಬಿಗಿದುಕೊಳ್ಳುತ್ತೆ. ಮಣ್ಣಲ್ಲಿ.
ಹತ್ತು ಕಿಲೋಮೀಟರ್ ಸಾಕು.
ಅವರು ಏನೋ ಅಂದರು.
ಎಡಗಿವಿಯ ಕಡೆ ಇದ್ದರು, ಕೇಳಿಸಲಿಲ್ಲ.