ಮೂರು ಸೆಲ್ಲು

ಸೋಮವಾರ ಮುಂಜಾನೆ ಏಳಕ್ಕ
ಗಾಡಿ ಶೆಡ್ಡಿನ್ಯಾಗ ತಾಡಪತ್ರಿ ಹಾಸಿ
ಆರೂ ಸೆಟ್ಟು ಸಾಲಾಗಿ ಮಲಗಿಸ್ತೀನಿ.
ಸಿಲಿಂಡರು, ಬೆಲ್ಟು, ಮುಖವಾಡ,
ಭುಜದ ಪಟ್ಟಿಗೆ ಅಂಟಿಕೊಂಡ ಆ ಸಣ್ಣ ಡಬ್ಬಿ.
ಮೈ ಇಲಿಮರಿಯಷ್ಟು,
ಗಂಟಲು ಮಾತ್ರ ಗಿರಣಿ ಸೈರನ್ನಿಂದು.

ಬಾ ಮಲ್ಹಾರಿ, ಹೊಸಬಾ ನೀ.
ಹೆಗಲಿಗೇರಿಸು. ಕುಂಡ್ರು. ಗುಂಡಿ ಒತ್ತು.
ಈಗ ಅಲುಗಾಡಬ್ಯಾಡ.
ಕಣ್ಣರೆಪ್ಪಿ ಬಡದ್ರ ಅಡ್ಡಿಯಿಲ್ಲ.
ಹತ್ತು. ಹದಿನೈದು.
ಇಪ್ಪತ್ತಕ್ಕ ಚಿಂವ್ ಚಿಂವ್ ಅಂತೈತಿ.
ಅದು ಕೇಳೋದು ಇಷ್ಟ:
ಅದೀಯೇನಪಾ?
ಮೈ ಜಾಡಿಸಿದ್ರ ಸುಮ್ಮನಾಗ್ತೈತಿ, ಉತ್ತರ ಸಿಕ್ಕಂಗ.
ಇಲ್ಲಂದ್ರ ಮೂವತ್ತಕ್ಕ
ಓಣಿಗೆಲ್ಲಾ ಕೇಳೂಹಂಗ ಬಾಯಿ ಬಡ್ಕೋತೈತಿ.

ನಮ್ಮವ್ವ ಅಂತಿದ್ಲು, ಒಂದ ಗಳಿಗಿ ಸುಮ್ಮ ಕುಂಡ್ರೋ ಮೂಳಾ ಅಂತ.
ಈ ಡಬ್ಬಿಗೆ ಸುಮ್ಮ ಕುಂತವರನ್ನ ಕಂಡ್ರ ಅಂಜಿಕಿ.

ಸಾಕು, ಬಂದ್ ಮಾಡು. ಈಗ ಸೆಲ್ಲು.
ಮೂರೂ ಒಂದ ಕಂಪನಿವು, ಒಂದ ಪಾಕೀಟಿನವು.
ಹಳೇದು ಹೊಸಾದು ಕೂಡಿಸಿದ್ರ
ಮುದಿ ಎತ್ತಿನ ಜೋಡಿ ಹರೇದ ಹೋರಿ ಹೂಡಿದಂಗ,
ಅರ್ಧ ಸಾಲಿಗೇ ಎರಡೂ ಮಲಗ್ತಾವ.
ಮುಚ್ಚಳದ ರಬ್ಬರ್ ಉಂಗುರ ಬೆರಳ ತುದೀಲೆ ಸವರು,
ಕೂದಲೆಳಿ ಸಿಕ್ಕಿದ್ರೂ ನೀರಿಗೆ ಅದ ದಾರಿ.
ಸ್ಪ್ರಿಂಗಿನ ಮ್ಯಾಲೆ ಹಸರು ಕಿಲುಬು ಕಂಡ್ರ
ಅಂಗಿ ತುದೀಲೆ ಒರಸಿ ಮುಚ್ಚಿಡಬ್ಯಾಡ.
ಪುಸ್ತಕದಾಗ ಬರಿ, ಸೆಟ್ಟು ಪಕ್ಕಕ್ಕಿಡು.
ಗ್ಯಾಸಿನ್ಯಾಗ, ಹೊಗಿಯಾಗ
ಎಂದೆಂದೂ ತಗೀಬ್ಯಾಡ ಈ ಮುಚ್ಚಳ.
ಒಂದು ಕಿಡಿ ಸಾಕು.
ಬದಲಿ ಮಾಡೋದು ಇಲ್ಲೇ, ಈ ತಾಡಪತ್ರಿ ಮ್ಯಾಲೇ.
ಹಾಕಿದ ಮ್ಯಾಲೆ ಪೂರಾ ಕೂಗೋತನಕಾ ಕೇಳು.
ಬರೇ ಚಿಂವ್ ಅಂದದ್ದು ನಂಬಬ್ಯಾಡ.

ಸೊಲ್ಲಾಪುರ ರಸ್ತಾದಾಗ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜು.
ಹೊರಗ ನಲವತ್ತೆರಡು ಡಿಗ್ರಿ ಬಿಸಲು,
ಒಳಗ ಅಮೋನಿಯಾ, ಬಿಳಿ ಮಂಜು.
ವಾಲ್ವ್ ಮುಚ್ಚಾಕ ಹ್ವಾದ ಪರಸಪ್ಪ ದಳವಾಯಿ.
ಬಾಕ್ಸಿನ ಥಪ್ಪಿ ಮೈಮ್ಯಾಲೆ ಕುಸೀತು.
ನಾವು ಬಾಗಿಲದಾಗ ಕಿವಿ ಹಚ್ಚಿ ನಿಂತ್ವಿ.
ಕರೆಂಟ್ ತಗದಿದ್ರು, ಮಶೀನು ಬಂದ್.
ಡಬ್ಬಿ ಕೂಗವಲ್ದು, ಅಂದ್ರ
ಅಡ್ಡಾಡಾಕತ್ಯಾನ ಬಿಡು ಅಂದ್ವಿ.

ಹಿಂದಿನ ರಾತ್ರಿ ಮ್ಯಾಚಿತ್ತು.
ಟೀವಿ ರಿಮೋಟಿನ ಸೆಲ್ಲು ಸತ್ತಿದ್ವು.
ಯಾರೋ ಆ ಡಬ್ಬಿ ತಗದು
ಎರಡು ಹೊಸಾವು ಕಿತ್ತು, ಎರಡು ಸತ್ತವು ತುರುಕಿ,
ಮುಂಜಾನೆ ಹಾಕಿದ್ರಾತು ಅಂದ್ಕೊಂಡ್ರು.
ಒತ್ತಿದಾಗ ಒಂದ ಸಲ ಚಿಂವ್ ಅಂದಿತ್ತು.
ಇದ್ದದ್ದ ಅಷ್ಟ ಉಸಿರು ಅದಕ್ಕ.

ಗಡಿಯಾರ ಹಿಡದು ನಿಂತ ಬಂದಗೀಸಾಬ
ಗಾಳಿ ತೀರಾಕ ಬಂತಲೇ ಅಂತ ಒಳಗ ನುಗ್ಗಿದ.
ಸಿಲಿಂಡರ್ ಬರಿದಾಗ್ತಾ ಊದೋ ಸೀಟಿ ಇರ್ತೈತಲ್ಲ,
ಅದಕ್ಕ ಸೆಲ್ಲು ಬೇಕಿಲ್ಲ, ಉಳದ ಗಾಳೀಲೇ ಊದ್ತೈತಿ.
ಅದರ ಗುಂಟ ಹರದಾಡ್ಕೋತ ಹೋಗಿ ಎಳಕೊಂಡು ಬಂದ.

ಪರಸಪ್ಪ ಅದಾನ.
ಇಂಡಿ ಬಜಾರದಾಗ ನಿಂಬಿಹಣ್ಣಿನ ಲಿಲಾವು ಬರ್ಕೋತ.
ಕೂಗಾಕ ಅವನ ಮಗ ಇರ್ತಾನ.
ಎದಿ ತಡಿಯಂಗಿಲ್ಲ ಈಗ ಅವಂಗ.

ಯಾರೋ ಅಂದೆ.
ಹನ್ನೊಂದು ವರ್ಷ ಯಾರೋ ಅಂತನ ಹೇಳೀನಿ.
ಪುಸ್ತಕದಾಗೂ ಹಂಗ ಐತಿ.
ರಿಮೋಟ್ ಈ ಕೈಯಾಗ ಇತ್ತು, ಮಲ್ಹಾರಿ.

ಯಾಕ ಹಂಗ ಕುಂತಿ?
ಬಂದ್ ಮಾಡು ಅಂದಿದ್ನೆಲ್ಲ ಡಬ್ಬಿ.
ಮಾಡಿಲ್ಲ, ನೋಡು, ಕೇಳಾಕ ಸುರು ಮಾಡ್ತು:
ಅದೀಯೇನಪಾ, ಅದೀಯೇನಪಾ.
ಜಾಡಿಸು ಮೈ.
ಬ್ಯಾಡ, ತಡಿ.
ಅಲುಗಬ್ಯಾಡ.
ಇದೊಂದ್ಸಲ ಪೂರಾ ಕೂಗಲಿ.