ದುಂಡಗಿನ ಅಕ್ಷರ

ಆ ನೋಟೀಸು ಬಂದ ಮೇಲೆ
ನನ್ನ ಕೈಬರಹ ದುಂಡಗಾಗಿದೆ.
ಮೊದಲು ಔಷಧದಂಗಡಿಯ ಖಾಜಾ ಹುಸೇನನಿಗಷ್ಟೇ ತಿಳಿಯುತ್ತಿತ್ತು;
ಈಗ ಯಾವ ವಕೀಲನೂ ಕನ್ನಡಕವಿಲ್ಲದೆ ಓದಬಹುದು.
ಗಂಟೆ, ನಿಮಿಷ, ಸಹಿ. ಹೊಡೆದುಹಾಕಿದರೆ ಅದಕ್ಕೂ ಒಂದು ಸಹಿ.

ಸಿಂಧನೂರಿನ ಸರ್ಕಾರಿ ಆಸ್ಪತ್ರೆ, ರಾತ್ರಿ ಎರಡು ಹತ್ತು.
ಹೊರಗೆ ರೈಸ್‌ಮಿಲ್ಲಿನ ಹೊಟ್ಟಿನ ವಾಸನೆ,
ಒಳಗೆ ಮೂರನೇ ಮಂಚದಲ್ಲಿ ಅಂಬ್ರಮ್ಮ, ಮೂವತ್ತೆರಡು ವಾರ.
ಬಳೆ ಇಳಿಯುತ್ತಿಲ್ಲ, ಊದಿದ ಮುಂಗೈಯಲ್ಲಿ ಹೂತಿದೆ.
ಬಿಪಿ ನೂರಾ ಅರವತ್ತೆಂಟು, ನೂರಾ ಹನ್ನೆರಡು.
"ಕಣ್ಣ ಮುಂದ ಕಡ್ಡಿ ಗೀರಿದಂಗ ಆಗತೈತ್ರಿ."

ರಾಯಚೂರಿನ ತಜ್ಞರು ಫೋನಿನಲ್ಲಿ:
ನಲವತ್ತೆಂಟು ಗಂಟೆ ಕಾಯಿರಿ, ಮಗುವಿನ ಶ್ವಾಸಕೋಶ ಬಲಿಯಲಿ.
ಆಮೇಲೆ ದನಿ ತಗ್ಗಿಸಿ: ನಾನು ಹೇಳಿದೆ ಅಂತ ಬರೀಬೇಡಿ.
ಬಳ್ಳಾರಿಯವರು ನಿದ್ದೆಗಣ್ಣಲ್ಲೇ: ಕಾಯುವುದಾ? ತಾಯಿ ಉಳಿಯಬೇಡವಾ?
ಅವರದೂ ಒಂದು ಬಾಲಂಗೋಚಿ:
ಕಣ್ಣಾರೆ ನೋಡಿದವರು ನೀವು, ನಿಮ್ಮ ವಿವೇಚನೆ.

ತಕ್ಕಡಿ ಹಿಡಿದೆ.
ಹೇಳಲು ನಾಚಿಕೆ,
ತಟ್ಟೆಯಲ್ಲಿ ಮೊದಲು ಇಟ್ಟದ್ದು ಅವಳನ್ನಲ್ಲ.
ಯಾರ ಮಾತು ಕೋರ್ಟಿನಲ್ಲಿ ನಿಂತೀತು ಎಂದು ತೂಗಿದೆ.
ದಾರಿಯಲ್ಲಿ ಹೋದರೆ, ಯಾಕೆ ಕಳಿಸಿದಿರಿ.
ಇಲ್ಲೇ ಹೋದರೆ, ಯಾಕೆ ಇಟ್ಟುಕೊಂಡಿರಿ.
ಎರಡಕ್ಕೂ ಒದಗುವ ವಾಕ್ಯವೊಂದು ನನಗೆ ಬಾಯಿಪಾಠ.
ಬರೆದೆ, ಮುತ್ತು ಪೋಣಿಸಿದಂತೆ:
'ಅಪಾಯಗಳನ್ನು ವಿವರಿಸಲಾಗಿದೆ.'

ಗಂಡ ಮುದುಕಪ್ಪ, ಮಿಲ್ಲಿನ ಹಮಾಲಿ,
ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ನಿಂತಿದ್ದ, ಎಲ್ಲಿ ಒತ್ತಲಿ ಎಂದು.
"ಕೊಡ್ರಿ ಇಲ್ಲಿ," ಅಂಬ್ರಮ್ಮ ಕೈ ಚಾಚಿದಳು.
ಏಳನೇ ಕ್ಲಾಸು ಪಾಸಂತೆ. ಬೆರಳಿಟ್ಟು ಓದಿದಳು
ಒಂದೊಂದೇ ದುಂಡಗಿನ ಅಕ್ಷರ,
ನಡುನಡುವೆ ಕಣ್ಣುಜ್ಜಿಕೊಳ್ಳುತ್ತ.
"ವಿವರಿಸಲಾಗಿದೆ ಅಂತ ಬರದೀರಲ್ರಿ ಮೇಡಂ,
ಯಾವಾಗ್ರಿ?"

ಗೋಡೆಯ ಗಡಿಯಾರ ನೋಡಿದೆ, ಅಭ್ಯಾಸಬಲ.
ಪೆನ್ನಿಗೆ ಮುಚ್ಚಳ ಹಾಕಿದೆ.
ಸಿಸ್ಟರ್ ಮ್ಯಾಗ್ನೀಷಿಯಂ ತುಂಬುವಷ್ಟರಲ್ಲಿ
ಮಂಚದ ತುದಿಗೆ ಕೂತು ಅವಳ ಮಾತಿನಲ್ಲೇ ಹೇಳಿದೆ:
ಕೂಸು ಭಾಳ ಸಣ್ಣದೈತಿ. ನಿನಗ ಫಿಟ್ಸ್ ಬರಬಹುದು.
ಇಬ್ಬರು ದೊಡ್ಡ ಡಾಕ್ಟರು ಎರಡು ಮಾತು ಹೇಳ್ಯಾರ.
ನನಗೂ ಪೂರಾ ಗೊತ್ತಿಲ್ಲವಾ.
ಆದರ ನಿನ್ನ ಕಣ್ಣಾಗಿನ ಆ ಕಡ್ಡಿ, ಅದಕ್ಕ ಅಂಜತೀನಿ.
ಬಳ್ಳಾರಿಗೆ ಹೋಗೋಣು.

ಅವಳು ಸುಮ್ಮನೆ ನೋಡಿದಳು.
"ಹೋಗೋಣು ಅಂದ್ರ, ನೀವೂ ಬರ್ತೀರೇನ್ರಿ?"

ಡ್ಯೂಟಿ ಬಿಟ್ಟದ್ದಕ್ಕೆ ನಾಳೆ ಇನ್ನೊಂದು ಕಾಗದ ಬರಬಹುದು.
ದಡೇಸೂಗೂರಿನ ಸೇತುವೆ ಮೇಲೆ ಆಂಬುಲೆನ್ಸು ಕುಲುಕುವಾಗ
ಮೊಣಕಾಲ ಮೇಲಿಟ್ಟು ಬಿಪಿ ಬರೆದೆ, ಒಂದು ಕೈಯಲ್ಲಿ.
ಇನ್ನೊಂದನ್ನು ಅವಳು ಬಿಟ್ಟಿರಲಿಲ್ಲ.
ಐವತ್ತೆಂಟೋ ಅರವತ್ತೆಂಟೋ,
ಸೊಟ್ಟಪಟ್ಟ, ನನಗೇ ಈಗ ಓದಲಾಗುತ್ತಿಲ್ಲ.