ಎಡಗಡೆಯ ಪರದೆ

ಬಾಗಿಲ ಮೇಲೆ ಎರಡು ಪರದೆ.
ಬಲಗಡೆಯದು ಮುಂದಿನ ನಿಲ್ದಾಣ ಹೇಳುತ್ತದೆ,
ಎಷ್ಟು ನಿಮಿಷ, ಬಾಗಿಲು ಯಾವ ಕಡೆ.
ಎಡಗಡೆಯದು ನನ್ನದು.

ನನ್ನದೆಂದರೆ, ಅಲ್ಲಿ ಬರುವ ಮಾತು ನನ್ನದು.
ನಮ್ಮ ರೈಲಿನಲ್ಲಿ ಜಾಹೀರಾತಿಗೆ ದನಿಯಿಲ್ಲ.
ಬಿಯರು ಸದ್ದಿಲ್ಲದೆ ಉಕ್ಕುತ್ತದೆ,
ಮದುಮಗಳು ಸದ್ದಿಲ್ಲದೆ ನಗುತ್ತಾಳೆ,
ಕೆಳಗೆ ನನ್ನ ಒಂದು ಸಾಲು.
ಹದಿನೈದು ಸೆಕೆಂಡು. ಇಪ್ಪತ್ತು ಅಕ್ಷರ ದಾಟಿದರೆ
ಹಿರಾನುಮಾ ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

ಯಾರು ಓದುತ್ತಾರೋ ನೋಡೋಣವೆಂದು
ಬೆಳಗಿನ ಆರು ಹದಿನಾಲ್ಕರ ಗಾಡಿ ಹತ್ತತೊಡಗಿದೆ,
ಅಕಾಬಾನೆಯಿಂದ ಉತ್ತರಕ್ಕೆ.
ಯಾರೂ ಓದುವುದಿಲ್ಲ.
ಎಲ್ಲರ ಕತ್ತೂ ಅಂಗೈಯ ಕಡೆಗೆ,
ಕೆಲವರದು ನಿದ್ದೆಯ ಕಡೆಗೆ.
ಒಬ್ಬ ಹುಡುಗ ಮಾತ್ರ ತಲೆಯೆತ್ತಿ
ನನ್ನ ಜೀವವಿಮೆಯ ಕಪ್ಪು ಹಿನ್ನೆಲೆಯಲ್ಲಿ
ಕ್ರಾಪು ತಿದ್ದಿಕೊಂಡ.

ಗುರುವಾರ ಅವಳು ಕಂಡಳು.
ಬೆಂಟೊ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದ ಕೈ,
ಬೆರಳ ತುದಿ ನೀರಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿತ್ತು.
ಕೊರಳ ಬಿಲ್ಲೆಯಲ್ಲಿ ‘ಗಾರುತಿ’ ಎಂದಿತ್ತು.
ನೇಪಾಳದ ಘರ್ತಿ ನಮ್ಮ ಬಾಯಲ್ಲಿ ಹಾಗಾಗುತ್ತದೆ.
ಬಾಗಿಲಿಗೆ ಎದುರಾಗಿ ನಿಂತು, ಕತ್ತೆತ್ತಿ,
ತುಟಿ ಆಡಿಸುತ್ತಿದ್ದಳು
ನನ್ನ ಸಾಲಿಗೆ, ಮಗ್ಗಿ ಒಪ್ಪಿಸುವ ಹಾಗೆ.

ಕೇಳಿದೆ. ನಕ್ಕಳು.
“ಭಾಷೆಯ ಶಾಲೆಗೆ ದುಡ್ಡು ಬೇಕು. ಇದು ಬಿಟ್ಟಿ.
ಹೇಳಿದ್ದನ್ನೇ ಹೇಳುತ್ತದೆ, ಬೇಸರಿಸುವುದಿಲ್ಲ,
ತಪ್ಪಿದರೆ ನಗುವುದಿಲ್ಲ.”
ಮನೆ ತೋರಿಸಿದ ದಲ್ಲಾಳಿಗೆ ಹೇಳಿದಳಂತೆ:
ಇಂದೇ ನಿರ್ಧರಿಸಿ, ನಾಳೆಯ ನೀವು ಮೆಚ್ಚುವಿರಿ!
ಅವನು ಹೌಹಾರಿ ಬಾಡಿಗೆ ಎರಡು ಸಾವಿರ ಇಳಿಸಿದನಂತೆ.
ಮೇಲ್ವಿಚಾರಕ ಬೈದಾಗ:
ಸೂಕ್ಷ್ಮ ಚರ್ಮಕ್ಕೂ ಹಿತವಾಗಿರಲಿ.

ಆ ಸೋಪು ನನ್ನದು, ಅಂದೆ.
ಅವಳು ಸೊಂಟ ಬಗ್ಗಿಸಿ ವಂದಿಸಿದಳು, ಮೇಷ್ಟರಿಗೆ ವಂದಿಸುವಂತೆ.
ಎಲ್ಲಿ ನೋಡಲಿ, ತಿಳಿಯಲಿಲ್ಲ ನನಗೆ.
ಹನ್ನೊಂದು ವರ್ಷ ಬರೆದದ್ದರಲ್ಲಿ
‘ಸಾಕು’ ಎಂದಿಲ್ಲ, ‘ತಪ್ಪಾಯಿತು’ ಎಂದಿಲ್ಲ,
‘ನನಗೆ ಬೇಡ’ ಎಂದು ಹೇಳುವುದು ಹೇಗೆ,
ಅದನ್ನಂತೂ ಅವಳಿಗೆ ಕಲಿಸಿಯೇ ಇಲ್ಲ.

ಮುಂದಿನ ಬುಧವಾರ
ಅರಾಕಾವಾ ನದಿಯ ಸೇತುವೆ ಮೇಲೆ ಗಾಡಿ ನಿಂತಿತು.
ಬಲಗಡೆಯ ಪರದೆಗೆ ಕೆಂಪು ಪಟ್ಟಿ ಬಂತು, ನಾಲ್ಕು ಅಕ್ಷರ.
ಎಡಗಡೆ ಬಿಯರು ಉಕ್ಕುತ್ತಲೇ ಇತ್ತು.
ಯಾರೋ ಲೊಚಗುಟ್ಟಿದರು. ಯಾರೋ ಆಫೀಸಿಗೆ ಮೆಸೇಜು ಒತ್ತಿದರು.
ಈ ಪಟ್ಟಿ ನಮಗೆಲ್ಲ ಮಳೆಯ ಸುದ್ದಿಯಷ್ಟೇ ಹಳತು.
ಅವಳು ಒಂದೊಂದೇ ಅಕ್ಷರ ಕೂಡಿಸಿದಳು:
“ಮನುಷ್ಯ. ಇದು ಗೊತ್ತು.
ಮೈ. ಸೋಪಿನಲ್ಲಿ ಬರುತ್ತದೆ.
ಆಮೇಲಿನೆರಡು?”

ಅವಘಡ ಎಂದು ಅದರ ಅರ್ಥ.
ಕೂಡಿಸಿದರೆ, ಎಲ್ಲೋ ಒಂದು ಪ್ಲಾಟ್‌ಫಾರಮ್ಮಿನ ಅಂಚಿನಿಂದ
ಹಳದಿ ಗೆರೆ ದಾಟಿ ಒಬ್ಬರು ಕೆಳಗಿಳಿದಿದ್ದಾರೆ.
ಇಪ್ಪತ್ತು ಅಕ್ಷರದೊಳಗೆ ಏನನ್ನಾದರೂ ಮಾರಬಲ್ಲ ನಾನು
ನದಿ ನೋಡಿದೆ. ದಡದ ಬಯಲಲ್ಲಿ ಒಬ್ಬಾತ
ಬೇಸ್‌ಬಾಲ್ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ, ಸೊಟ್ಟಗೆ.

“ಯಾರಿಗೋ ತಡವಾಗಿದೆ,” ಅಂದೆ.

ಅವಳು ಬೆರಳಿನಿಂದ ಅಂಗೈ ಮೇಲೆ
ನಾಲ್ಕೂ ಅಕ್ಷರ ಬರೆದುಕೊಂಡಳು.
ನಲವತ್ತೆರಡು ನಿಮಿಷಕ್ಕೆ ಕೆಂಪು ಅಳಿಸಿತು:
ಮುಂದಿನ ನಿಲ್ದಾಣ ಕಾವಾಗುಚಿ. ಬಾಗಿಲು ಬಲಕ್ಕೆ.

ನವೆಂಬರಿನಲ್ಲಿ ಮತ್ತೆ ನಿಂತಿತು, ಸೇತುವೆಗೆ ಇನ್ನೂ ಮೊದಲೇ.
ನಾನು ಡಬ್ಬಿಯ ಈ ತುದಿಯಲ್ಲಿ, ಜನದ ನಡುವೆ;
ಅವಳಿಗೆ ಕಾಣಲಿಲ್ಲ.
ಕನ್ನಡಕ ಮರೆತುಬಂದ ಮುದುಕನೊಬ್ಬ
ಪರದೆ ತೋರಿಸಿ, ಏನಂತಮ್ಮ ಅದು, ಎಂದು ಅವಳನ್ನು ಕೇಳಿದ.
ಇಷ್ಟು ಜನ ಇಲ್ಲಿಯವರಿದ್ದೂ ಅವಳನ್ನು.
“ಯಾರಿಗೋ ತಡವಾಗಿದೆ,” ಅಂದಳು.
ಉಚ್ಚಾರ ಸ್ವಚ್ಛವಾಗಿತ್ತು.

ಮುದುಕ ಅವಳನ್ನೇ ತುಸು ಹೊತ್ತು ನೋಡಿ
ಟೋಪಿ ತೆಗೆದ.